ಫ್ರಿಜ್ ಮೇಲಿನ ಚಾದರ

ಓದುಗರ ಪತ್ರ:

"ನಮ್ಮದು ಗುಳೇದಗುಡ್ಡ. ಮನೆಯವರು ಮಜೂರಿ ಮೇಲೆ ಖಣ ನೇಯುತ್ತಾರೆ. ನನಗೆ ಬರುತ್ತಿದ್ದ ಗೃಹಲಕ್ಷ್ಮಿ ಹಣ ಐದು ತಿಂಗಳಿಂದ ನಿಂತಿದೆ. ಕೇಳಿದರೆ 'ನಿಮ್ಮ ಯಜಮಾನರು ಜಿಎಸ್‌ಟಿ ಕಟ್ತಾರಲ್ಲ' ಅಂದರು. ಜಿಎಸ್‌ಟಿ ಅಂದ್ರೆ ಏನು ಅಂತ ಅವರಿಗೆ ಗೊತ್ತಿಲ್ಲ. ಈಗ ರೇಷನ್ ಕಾರ್ಡಿಗೂ ನೋಟಿಸ್ ಬಂದಿದೆ. 'ಬಡವರ ಪಾಲು ತಿಂದಾಳ' ಅಂತ ಓಣಿಯಲ್ಲಿ ಮಾತು ಹಬ್ಬಿದೆ. ಈ ಸಲ ಬನಶಂಕರಿ ಜಾತ್ರೆಗೂ ಹೋಗಲಿಲ್ಲ. ಯಾರಾದರೂ ಚೆಕ್ ಮಾಡಲು ಬಂದಾರು ಅಂತ ಫ್ರಿಜ್ ಮೇಲೆ ಚಾದರ ಹೊದಿಸಿದ್ದೇನೆ. ಒಂದು ರಾತ್ರಿ ಮನೆಯವರನ್ನೇ ಕೇಳಿಬಿಟ್ಟೆ, 'ನನಗ ಹೇಳದ ಎಲ್ಲರೆ ಅಂಗಡಿ ಇಟ್ಟೀರೇನು?' ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನೇನು ಮಾಡಲಿ?"
(ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ನೋಟಿಸ್‌ಗಿಂತ ಜಾಸ್ತಿ ನನ್ನನ್ನು ಕಾಡಿದ್ದು ಆ ಚಾದರ. ನೀವು ಏನೂ ಕದ್ದಿಲ್ಲ. ಆದರೂ ಕದ್ದವರ ಹಾಗೆ ಬಚ್ಚಿಡಲು ಶುರು ಮಾಡಿದ್ದೀರಿ.

ಫ್ರಿಜ್ ಭಯ ಎಲ್ಲಿಂದ ಬಂತು ಅಂತ ನನಗೆ ಅಂದಾಜಿದೆ. 2021ರ ಫೆಬ್ರವರಿಯಲ್ಲಿ ಆಗಿನ ಆಹಾರ ಸಚಿವ ಉಮೇಶ ಕತ್ತಿ ಅವರು, ಟಿವಿ, ಫ್ರಿಜ್, ಬೈಕ್ ಇದ್ದವರು ಬಿಪಿಎಲ್ ಕಾರ್ಡ್ ವಾಪಸ್ ಕೊಡಬೇಕು ಅಂದಿದ್ದರು. ಅವರು ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯವರೇ. ಜನ ಸಿಟ್ಟಾದರು, ಮಾತು ಹಿಂದಕ್ಕೆ ಹೋಯಿತು. ಮಾತು ಹಿಂದೆ ಹೋದರೂ ಭಯ ಮನೆಮನೆಯಲ್ಲಿ ಉಳಿಯಿತು. ಕಾರ್ಡಿಗೆ ನಿಜವಾಗಿ ನೋಡುವುದು ಬೇರೆಯದನ್ನು. ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರಿದ ಆದಾಯ, ಸ್ವಂತಕ್ಕೆ ಇಟ್ಟುಕೊಂಡ ಕಾರು, ಸರ್ಕಾರಿ ನೌಕರಿ, ಆದಾಯ ತೆರಿಗೆ, ಇಷ್ಟಕ್ಕಿಂತ ಜಾಸ್ತಿ ಹೊಲ ಇರಬಾರದು ಅನ್ನುವುದು, ಇಂಥವು. ನಿಮ್ಮ ಫ್ರಿಜ್ ಪಾಡಿಗೆ ಫ್ರಿಜ್ ಇರಲಿ.

ಒಂದು ಮನೆ ಮಾತು ಹೇಳುತ್ತೇನೆ. ನಮ್ಮದು ಹಳೆ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿಯೂ ಹೋಯಿತು. ಮುಳುಗಡೆ ಪರಿಹಾರಕ್ಕೆ ಮನೆ ಅಳೆಯುವಾಗ ಬಂದವರೊಬ್ಬರು ಹಿಂದಿನ ಕೋಣೆಯ ಗೋಡೆ ತಟ್ಟಿ ನೋಡಿ, "ಇದು ಪರಿಹಾರಕ್ಕಂತ ಮೊನ್ನೆ ಕಟ್ಟಿದ್ದು" ಅಂದುಬಿಟ್ಟರು. ಆ ಕೋಣೆಯಲ್ಲೇ ನಾನು ಹುಟ್ಟಿದ್ದು! ಆ ಕಾಲದಲ್ಲಿ ಕೆಲವರು ಹಾಗೆ ಮಾಡಿದ್ದೂ ಉಂಟು ಅಂತ ಜನ ಆಡಿಕೊಳ್ಳುತ್ತಿದ್ದರು. ಹಾಗಾಗಿ ಎಲ್ಲರ ಮೇಲೂ ಗುಮಾನಿ. ಅಪ್ಪ ಮೂರು ಸಲ ಕಚೇರಿಗೆ ಹೋದರು. ಮೂರೂ ಸಲ ದೇವರ ಆಣೆ ಮಾಡಿ ಬಂದರು. ಕೊನೆಗೆ ಒಬ್ಬ ಗುಮಾಸ್ತರೇ ಮೆಲ್ಲಗೆ ಅಂದರಂತೆ: "ಯಜಮಾನ್ರ, ಆಣಿ ಫೈಲಿಗೆ ಹಚ್ಚಾಕ ಬರಂಗಿಲ್ರಿ. ಕಾಗದ ತರ್ರಿ." ಅಪ್ಪ ಮನೆಗೆ ಬಂದು ಟ್ರಂಕು ತೆಗೆದರು. ಹಳೆಯ ಮನೆ ತೆರಿಗೆ ರಸೀದಿಗಳು ದಾರ ಕಟ್ಟಿಕೊಂಡು ಕೂತಿದ್ದವು.

ಕೆಲಸ ಆಯಿತು. ಆದರೆ ಒಂದು ನಿಜ ಹೇಳಬೇಕು. ನವನಗರದ ಹೊಸ ಮನೆಗೆ ಯಾರೇ ಬರಲಿ, ಚಹಾ ಬರುವುದರೊಳಗೆ ಅಪ್ಪ ಆ ರಸೀದಿಗಳನ್ನು ತಂದು ತೋರಿಸುತ್ತಿದ್ದರು. ಎಷ್ಟೋ ವರ್ಷ. ಫೈಲ್ ಮುಗಿದರೂ ಅವರಿಗೆ ಮುಗಿದಿರಲಿಲ್ಲ. ನಿಮಗೂ ಸ್ವಲ್ಪ ದಿನ ಹಾಗೆ ಅನ್ನಿಸಬಹುದು. ಅದು ಹುಚ್ಚಲ್ಲ.

ಈಗ ಕಾಗದದ ವಿಷಯ. ಗೃಹಲಕ್ಷ್ಮಿಯ 2000 ರೂಪಾಯಿ ಶುರುವಾದದ್ದು 2023ರ ಆಗಸ್ಟ್ ಕೊನೆಗೆ. ಮನೆಯೊಡತಿ ಅಥವಾ ಅವಳ ಗಂಡ ಆದಾಯ ತೆರಿಗೆ ಕಟ್ಟಿದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸಿದರೆ ಹಣ ಇಲ್ಲ ಅನ್ನುವುದು ನಿಯಮ. ಅದನ್ನು ಕಂಪ್ಯೂಟರ್ ಪಟ್ಟಿಗೆ ಪಟ್ಟಿ ತಾಳೆ ಹಾಕಿ ನೋಡುತ್ತದೆ. ಮಗ್ಗದ ಮುಂದೆ ಕೂತ ಮನುಷ್ಯನನ್ನು ಅದು ನೋಡುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ನಿಮ್ಮ ಯಜಮಾನರ ಪ್ಯಾನ್ ನಂಬರ್. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಪ್ಯಾನ್ ನಂಬರ್ ಹಾಕಿ ಹುಡುಕುವ ಜಾಗ ಇದೆ. ಅದಕ್ಕೆ ಲಾಗಿನ್ ಬೇಡ, ದುಡ್ಡೂ ಬೇಡ. ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಐದು ನಿಮಿಷದ ಕೆಲಸ.

ಏನೂ ಸಿಗದಿದ್ದರೆ ಆ ಪುಟವನ್ನೇ ಪ್ರಿಂಟ್ ತೆಗೆಸಿ. ಅದೇ ನಿಮ್ಮ ಮೊದಲ ಕಾಗದ. ಸಿಕ್ಕರೆ ಗಾಬರಿ ಆಗಬೇಡಿ. ಸಾಲಕ್ಕೆ, ಸಿಮ್ಮಿಗೆ, ಯಾವುದೋ ಸ್ಕೀಮಿಗೆ ಅಂತ ಕೊಟ್ಟ ಪ್ಯಾನ್, ಆಧಾರ್ ಜೆರಾಕ್ಸ್ ಬಳಸಿ ಬೇರೆಯವರು ಕಳ್ಳ ನೋಂದಣಿ ಮಾಡಿಸುವ ದಂಧೆ ದೇಶದ ತುಂಬಾ ಇದೆ. ಆಗ ನಿಮ್ಮ ಯಜಮಾನರು ಮೋಸ ಮಾಡಿದವರಲ್ಲ, ಮೋಸ ಹೋದವರು. ವಾಣಿಜ್ಯ ತೆರಿಗೆ ಕಚೇರಿಗೆ ಬರೆದು ಕೊಡಿ, ಪೊಲೀಸ್ ದೂರೂ ಕೊಡಿ. ಇನ್ನೊಂದು ಸಣ್ಣ ಅನುಮಾನ: ಎಂದಾದರೂ ಸಾಲಕ್ಕೆಂದು ಯಾರಾದರೂ ಅವರ ಹೆಸರಲ್ಲಿ ಐಟಿ ರಿಟರ್ನ್ ತುಂಬಿಸಿದ್ದರಾ? ತೆರಿಗೆ ಸೊನ್ನೆ ಇದ್ದರೂ ರಿಟರ್ನ್ ತುಂಬಿದ್ದಕ್ಕೇ ಹೆಸರು ಪಟ್ಟಿಗೆ ಸೇರಿಬಿಡಬಹುದು. ಅದನ್ನೂ ಕೇಳಿ ನೋಡಿ.

ನೋಟಿಸ್‌ಗೆ ಬಾಯಲ್ಲಿ ಉತ್ತರ ಕೊಡಬೇಡಿ. ಅರ್ಧ ಹಾಳೆ ಸಾಕು, ಆದರೆ ಬರೆದು ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಕಾರ್ಡಿನದು ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ, ಗೃಹಲಕ್ಷ್ಮಿಯದು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಕಚೇರಿಗೆ. ಯಾವ ದಾಖಲೆ ನೋಡಿ ನನ್ನ ಮೇಲೆ ಈ ಮಾತು ಹೇಳಿದಿರಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್‌ನವರಿಗೆ ಅದರ 10 ರೂಪಾಯಿ ಶುಲ್ಕವೂ ಇಲ್ಲ, ಕಾರ್ಡಿನ ಜೆರಾಕ್ಸ್ ಇಟ್ಟರೆ ಸಾಕು. ಹೌದು, ಅದೇ ಕಾರ್ಡು! ರದ್ದಾಗುವ ಮುಂಚೆ ಅದರಿಂದ ಈ ಒಂದು ಕೆಲಸ ಮಾಡಿಸಿಕೊಳ್ಳಿ. ಬರೆಯಲು ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ, ಆದಾಯ ಎಷ್ಟೇ ಇರಲಿ.

ನೀವೊಬ್ಬರೇ ಅಲ್ಲ. 2024ರ ನವೆಂಬರ್‌ನಲ್ಲಿ ರಾಜ್ಯದ ತುಂಬಾ ಬಿಪಿಎಲ್ ಕಾರ್ಡುಗಳು ಎಪಿಎಲ್ ಆದಾಗ ಎಷ್ಟು ಗಲಾಟೆ ಆಯಿತು, ನೆನಪಿದೆ ಅಲ್ವಾ? ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಬೇಕಾಯಿತು. ದೂರದ ನೆದರ್ಲೆಂಡ್ಸ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕೊಡುವ ಸಹಾಯಧನದಲ್ಲಿ ಮೋಸ ಮಾಡಿದಿರಿ ಅಂತ ಸಾವಿರಾರು ತಂದೆತಾಯಿಗಳ ಮೇಲೆ ಸುಳ್ಳು ಆರೋಪ ಹೊರಿಸಿದ್ದರು. ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವು. ಕೊನೆಗೆ 2021ರ ಜನವರಿಯಲ್ಲಿ ಅಲ್ಲಿನ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಅಷ್ಟು ಸಿರಿವಂತ ದೇಶದ ಕಥೆ ಇದು.

ಓಣಿಯ ಮಾತಿಗೆ ನನ್ನ ಹತ್ತಿರ ದೊಡ್ಡ ಮದ್ದಿಲ್ಲ. ಮನೆಮನೆಗೆ ಹೋಗಿ ಸಮಜಾಯಿಷಿ ಕೊಡಬೇಡಿ. ಅದು ಮುಗಿಯುವ ಕೆಲಸ ಅಲ್ಲ. ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರಿಗೆ, ಸಂಘದ ಗೆಳತಿಗೋ ಅಂಗನವಾಡಿ ಟೀಚರ್‌ಗೋ, ಸೀಲು ಬಿದ್ದ ಪ್ರತಿ ತೋರಿಸಿ. ಸುದ್ದಿ ಹೇಗೆ ಹಬ್ಬಿತೋ ಅದೂ ಹಾಗೇ ಹಬ್ಬುತ್ತದೆ, ಸ್ವಲ್ಪ ನಿಧಾನ ಅಷ್ಟೇ. ರೇಷನ್ ಪಾಳಿಗೆ ಮಾತ್ರ ಮೊದಲಿನ ಹೊತ್ತಿಗೇ ಹೋಗಿ. ಯಾರೂ ಇಲ್ಲದ ಹೊತ್ತು ನೋಡಿ ಹೋದರೆ, ಅದಕ್ಕೂ ಒಂದು ಕಥೆ ಕಟ್ಟುತ್ತಾರೆ.

ಇನ್ನು ನಿಮ್ಮ ಮನೆಯವರು. ಊರು ಕೇಳಿದ್ದು ಅವರಿಗೆ ಅಷ್ಟು ತಾಗಿರಲಿಕ್ಕಿಲ್ಲ, ನೀವು ಕೇಳಿದ್ದು ತಾಗಿದೆ. ನಿಮ್ಮನ್ನು ಬೈಯುವುದಿಲ್ಲ. ಐದು ತಿಂಗಳು ಬರೀ ಗುಮಾನಿಯ ಮಾತೇ ಕಿವಿಗೆ ಬಿದ್ದರೆ ಯಾರ ಬಾಯಲ್ಲಾದರೂ ಆ ಪ್ರಶ್ನೆ ಬರುತ್ತದೆ. ಪ್ಯಾನ್ ನೋಡಿಸಲು ನೀವೊಬ್ಬರೇ ಹೋಗಬೇಡಿ, ಅವರನ್ನೂ ಕರೆದುಕೊಂಡು ಹೋಗಿ. ಹೋಗುವ ಮೊದಲೇ "ಕೇಳಬಾರದಿತ್ತು, ತಪ್ಪಾಯ್ತು" ಅನ್ನಿ. ಪರದೆ ನೋಡಿದ ಮೇಲೆ ಹೇಳಿದರೆ ಆ ಮಾತಿಗೆ ಅಷ್ಟು ಬೆಲೆ ಇರುವುದಿಲ್ಲ.

ಆ ಚಾದರವನ್ನು ಇವತ್ತೇ ತೆಗೆಯಿರಿ. ಗಾಳಿ ಆಡದಿದ್ದರೆ ಫ್ರಿಜ್ಜಿನ ಮೋಟರ್ ಕಾಯುತ್ತದೆ, ಆಮೇಲೆ ಸುಮ್ನೆ ರಿಪೇರಿ ಖರ್ಚು.