ಸೊಳ್ಳೆಗೆ ನನ್ನ ಮೇಲೇ ಏಕೆ ಕಣ್ಣು?

ಪ್ರಶ್ನೆ: ಜಗುಲಿಯಲ್ಲಿ ನಾನೂ ನಮ್ಮ ಯಜಮಾನರೂ ಅಕ್ಕಪಕ್ಕದಲ್ಲೇ ಕೂರುತ್ತೇವೆ. ಅವರನ್ನು ಒಂದು ಸೊಳ್ಳೆಯೂ ಮುಟ್ಟುವುದಿಲ್ಲ, ನನ್ನ ಕಾಲ ತುಂಬ ದದ್ದು. ‘ನಿನ್ನ ರಕ್ತ ಸಿಹಿ’ ಎನ್ನುತ್ತಾರೆ ಅತ್ತೆ. ಬೆಳ್ಳುಳ್ಳಿ ತಿಂದರೆ ಹತ್ತಿರ ಸುಳಿಯುವುದಿಲ್ಲವಂತೆ, ನಿಜವೇ? ಮಳೆ ಹಿಡಿದ ಮೇಲೆ ಹಗಲಿನಲ್ಲೂ ಕಾಟ.
– ಓದುಗರೊಬ್ಬರು, ಸಾಗರ

ಉತ್ತರ: ಸಿಹಿ ಬೇಕಾದರೆ ಸೊಳ್ಳೆ ಹೂವಿಗೆ ಹೋಗುತ್ತದೆ ತಾಯಿ. ಗಂಡು ಸೊಳ್ಳೆಯ ಹೊಟ್ಟೆಪಾಡೆಲ್ಲ ಮಕರಂದದಲ್ಲೇ. ಹೆಣ್ಣಿಗೆ ಮೊಟ್ಟೆ ಕಟ್ಟಲು ಪ್ರೋಟೀನ್ ಬೇಕು, ಅದಕ್ಕಾಗಿ ನಿಮ್ಮ ಕಾಲು. ಉಸಿರಿನ ಇಂಗಾಲದ ಡೈಆಕ್ಸೈಡ್ ಹಿಡಿದು ದೂರದಿಂದ ಬರುತ್ತದೆ. ಹತ್ತಿರವಾದ ಮೇಲೆ ಮೈಶಾಖ, ಬೆವರು, ಚರ್ಮದ ವಾಸನೆ ನೋಡಿ ಆರಿಸುತ್ತದೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದವರು ಜನರ ಮುಂಗೈಗೆ ನೈಲಾನ್ ಕಾಲುಚೀಲ ತೊಡಿಸಿ, ಆಮೇಲೆ ಅದನ್ನು ಸೊಳ್ಳೆಗಳಿಗೆ ಒಡ್ಡಿ ನೋಡಿದರು. ಚರ್ಮದ ಜಿಡ್ಡಿನಲ್ಲಿರುವ ಕಾರ್ಬಾಕ್ಸಿಲಿಕ್ ಆಮ್ಲಗಳೆಂಬ ಪದಾರ್ಥಗಳು ಹೆಚ್ಚಿದ್ದವರ ಕಾಲುಚೀಲಕ್ಕೇ ಅವು ಮುಗಿಬಿದ್ದವು. ವರ್ಷಗಳು ಕಳೆದರೂ ಅವೇ ಜನ, ಅದೇ ಆಕರ್ಷಣೆ. 2022ರಲ್ಲಿ ಪ್ರಕಟವಾದ ಸಂಗತಿಯಿದು. ಗರ್ಭಿಣಿಯರಿಗೂ ಬಿಯರ್ ಕುಡಿದವರಿಗೂ ಕಾಟ ಹೆಚ್ಚೆಂದು ಆಫ್ರಿಕಾದ ಅಧ್ಯಯನಗಳು ಹೇಳಿವೆ. ನಿಮ್ಮ ಯಜಮಾನರು ಪುಣ್ಯ ಮಾಡಿದ್ದಾರೆ, ಅಷ್ಟೆ. ಬೆಳ್ಳುಳ್ಳಿಯನ್ನು ಒಗ್ಗರಣೆಗೆ ಇಟ್ಟುಕೊಳ್ಳಿ.

ಹಗಲಿನ ಕಾಟ ಎಂದಿರಲ್ಲ, ನನ್ನ ಕಿವಿ ನೆಟ್ಟಗಾದದ್ದು ಅಲ್ಲಿ. ಆರೋಗ್ಯ ಸಹಾಯಕನಾಗಿ ಮನೆಮನೆಯ ಡ್ರಮ್ಮಿಗೆ ಟಾರ್ಚ್ ಹಾಕಿ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು, ಹುಡುಕುವುದೇ ನನ್ನ ಉದ್ಯೋಗವಾಗಿತ್ತು. ಕಪ್ಪು ಕಾಲಿನ ಮೇಲೆ ಬಿಳಿ ಪಟ್ಟೆಯಿದ್ದು ಹಗಲು ಕಚ್ಚುವುದು ಈಡಿಸ್, ಡೆಂಗಿ ಹರಡುವ ಜಾತಿ. ಇದು ಚರಂಡಿಯ ಸೊಳ್ಳೆಯಲ್ಲ, ಇದಕ್ಕೆ ನಿಂತ ಶುದ್ಧ ನೀರೇ ಬೇಕು. ಬಹುದೂರ ಹಾರುವುದೂ ಇಲ್ಲ. ಹಾಗಾಗಿ ನಿಮ್ಮನ್ನು ಕಚ್ಚಿದ್ದು ನಿಮ್ಮ ಹಿತ್ತಲಿನದೋ ಪಕ್ಕದ ಮನೆಯದೋ ಆಗಿರುತ್ತದೆ.

ಹಿತ್ತಲಿಗೆ ಹೋಗಿ, ಬಳಸದೆ ಬಿಟ್ಟ ಒರಳುಕಲ್ಲಿನ ಗುಂಡಿಯನ್ನು ಬಗ್ಗಿ ನೋಡಿ. ಕೂದಲೆಳೆಯಷ್ಟು ಸಣ್ಣ ಹುಳುಗಳು ನೀರಿನ ಮೇಲ್ಮೈಗೆ ಬಾಲ ತಗುಲಿಸಿ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ನಿಮ್ಮ ನೆರಳು ಬಿದ್ದೊಡನೆ ಎಲ್ಲವೂ ಕೊಂಕುತ್ತ ತಳಕ್ಕೆ ಇಳಿಯುತ್ತವೆ; ತುಸು ತಾಳಿ, ಉಸಿರಾಡಲು ಮತ್ತೆ ಮೇಲೆ ಬಂದೇ ಬರುತ್ತವೆ. ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೆಯ ಟಯರು, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲದರಲ್ಲೂ ಇದೇ ಸಂಸಾರ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ಡ್ರಮ್ಮು ತೊಟ್ಟಿಗಳ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿ. ಬರೀ ಚೆಲ್ಲಿದರೆ ಸಾಲದು. ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ನೀರು ಬಿದ್ದೊಡನೆ ಒಡೆಯುತ್ತದೆ. 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯನಾಗಿದ್ದ ರೊನಾಲ್ಡ್ ರಾಸ್, ನಿಂತ ನೀರನ್ನು ಇಲ್ಲವಾಗಿಸಿದರೆ ಸೊಳ್ಳೆಯೂ ಕಡಿಮೆಯಾಗುವುದನ್ನು ಗಮನಿಸಿದ್ದ. ಮಲೇರಿಯಾದ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತದೆಂಬ ಗುಟ್ಟು ಅವನಿಗೆ ಸಿಕ್ಕಿದ್ದು ಆಮೇಲೆ, 1897ರಲ್ಲಿ, ಸಿಕಂದರಾಬಾದಿನಲ್ಲಿ.

ಜಗುಲಿಯಲ್ಲಿ ಕೂರುವಾಗ ಕಾಲ ಬಳಿ ಫ್ಯಾನ್ ಇಡಿ, ಜೋರು ಗಾಳಿಗೆ ಎದುರಾಗಿ ಹಾರುವ ಶಕ್ತಿ ಸೊಳ್ಳೆಗಿಲ್ಲ. ಉದ್ದ ತೋಳಿನ, ತಿಳಿಬಣ್ಣದ ಬಟ್ಟೆ ಒಳ್ಳೆಯದು. ಮುಲಾಮು ಕೊಳ್ಳುವಾಗ ಸೊಳ್ಳೆಯನ್ನು ದೂರವಿಡುವ ಡೀಟ್ ಅಥವಾ ಪಿಕಾರಿಡಿನ್ ಎಂಬ ರಾಸಾಯನಿಕ ಇದೆಯೇ ಎಂದು ಚೀಟಿ ಓದಿ. ಎಳೆಗೂಸಿಗೆ ಅದು ಬೇಡ, ಹಗಲಿನಲ್ಲೂ ಸೊಳ್ಳೆಪರದೆ ಕಟ್ಟಿ ಮಲಗಿಸಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಹಚ್ಚುವ ಅಭ್ಯಾಸ ನನಗಂತೂ ಸೇರದು, ಸೊಳ್ಳೆಗಿಂತ ಮೊದಲು ನೀವೇ ಕೆಮ್ಮುತ್ತೀರಿ. ಮೊಬೈಲಿನಿಂದ ಸದ್ದು ಹೊರಡಿಸಿ ಓಡಿಸುವ ಆಪ್‌ಗಳು ಶುದ್ಧ ಬೊಗಳೆ.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ಕಣ್ಣಿನ ಹಿಂಭಾಗ, ಕೀಲುಗಳು ನೋಯುತ್ತಿದ್ದರೆ ಅದು ಡೆಂಗಿಯಿರಬಹುದು; ಔಷಧ ಅಂಗಡಿಯ ಮಾತು ಕೇಳಿ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ.