ಮೊದಲು ಕೆಲಸಕ್ಕೆ ಸೇರಲಿ, ಅಲ್ಲೇ ಕಲಿಯಲಿ

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಬೌದ್ಧಿಕ ಅಸಾಮರ್ಥ್ಯ ಇದೆ. ಮಾತು ಕಮ್ಮಿ, ಓದು ಅಷ್ಟಕ್ಕಷ್ಟೇ. ಆದರೆ ಯಾವ ವಸ್ತು ಎಲ್ಲಿರಬೇಕೋ ಅಲ್ಲೇ ಇರಬೇಕು ಅವನಿಗೆ. ವಿಶೇಷ ಶಾಲೆಯಲ್ಲಿ ಇದು ಕೊನೆಯ ವರ್ಷ. ‘ಇನ್ನೂ ತಯಾರಾಗಿಲ್ಲ, ತರಬೇತಿ ಕೇಂದ್ರದಲ್ಲಿರಲಿ’ ಅನ್ನುತ್ತಾರೆ. ಎಲ್ಲರ ಜೊತೆ ಕೆಲಸ ಮಾಡಲಿ ಅಂತ ನನ್ನಾಸೆ. ಯಾರಾದರೂ ಆಡಿಕೊಂಡರೆ ಅನ್ನುವ ಭಯವೂ ಇದೆ. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ಕಾಯಬೇಡಿ ಅಮ್ಮಾ. ‘ತಯಾರಾಗಲಿ, ಆಮೇಲೆ ನೋಡೋಣ’ ಅನ್ನುತ್ತಲೇ ಮೂವತ್ತು ದಾಟಿದ ಎಷ್ಟೋ ಜನರನ್ನು, ಕೆಲಸದ ಜಾಗದಲ್ಲಿ ಜೊತೆಗಿದ್ದು ಕೆಲಸ ಕಲಿಸುವ ಜಾಬ್ ಕೋಚ್ ಆಗಿ ನಾನು ಕಂಡಿದ್ದೇನೆ. ಕೇಂದ್ರದಲ್ಲಿ ಲಕೋಟೆ ಅಂಟಿಸಲು ಕಲಿತವನಿಗೆ ಗೋದಾಮಿನ ಕೆಲಸ ತಾನಾಗಿ ಬರುವುದಿಲ್ಲ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದೇ ಇವರಲ್ಲಿ ಹಲವರಿಗೆ ಕಷ್ಟ. ಅದಕ್ಕೇ ಮೊದಲು ಕೆಲಸಕ್ಕೆ ಸೇರಿಸಿ, ಆ ಜಾಗದಲ್ಲೇ ಕಲಿಸಬೇಕು.

ಇವರಿಗೆ ಕಲಿಯೋಕಾಗಲ್ಲ ಅನ್ನುವ ಮಾತನ್ನಂತೂ ನಂಬಬೇಡಿ. ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್ 1970ರ ದಶಕದಲ್ಲೇ ಬೌದ್ಧಿಕ ಅಸಾಮರ್ಥ್ಯ ಇದ್ದವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸಲು ಕಲಿಸಿದರು. ಕೆಲಸವನ್ನು ಪುಟ್ಟ ಪುಟ್ಟ ಹಂತಗಳಾಗಿ ಬಿಡಿಸಿದರು. ಕಲಿಯುವವರು ಎಲ್ಲಿ ತೊಡಕಿಗೆ ಸಿಕ್ಕಿದರೋ ಅಲ್ಲಿ ಕಲಿಸುವ ರೀತಿಯನ್ನು ಬದಲಾಯಿಸಿದರು.

ನಾನು ಕೋಚ್ ಆಗಿದ್ದ ಒಬ್ಬ ಹುಡುಗ ಆಸ್ಪತ್ರೆಯ ಸ್ಟೋರಿನಲ್ಲಿ ವಾರ್ಡಿನ ಟ್ರಾಲಿಗಳಿಗೆ ಸಾಮಾನು ತುಂಬುತ್ತಿದ್ದ. ಸಿರಿಂಜ್, ಹತ್ತಿ, ಬ್ಯಾಂಡೇಜ್ ಎಲ್ಲ ಸರಸರ ಮುಗಿಸಿ ಗ್ಲೌಸ್ ಹತ್ತಿರ ಬಂದಾಗ ನಿಂತುಬಿಡುತ್ತಿದ್ದ. ಸೋಮಾರಿತನ ಅಂದುಕೊಂಡವರೂ ಇದ್ದರು. ನಾನು ಅವನ ಹಿಂದೆ ನಿಂತು ನೋಡಿದೆ. ಮೂರು ಅಳತೆಯ ಗ್ಲೌಸಿನ ಪೆಟ್ಟಿಗೆಗಳೂ ನೋಡಲು ಒಂದೇ ಥರ. ಅಳತೆ ಮಾತ್ರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಶೆಲ್ಫಿಗೆ ಮೂರು ಬಣ್ಣದ ಟೇಪ್ ಅಂಟಿಸಿದೆವು, ಅವನ ಪಟ್ಟಿಯಲ್ಲೂ ಅದೇ ಬಣ್ಣದ ಗುರುತು ಹಾಕಿದೆವು. ಅಷ್ಟೇ. ಮತ್ತೆ ಅಲ್ಲಿ ನಿಲ್ಲಲಿಲ್ಲ. ಸ್ಟೋರಿನ ಉಳಿದವರೂ ಬಣ್ಣ ನೋಡಿಯೇ ಪೆಟ್ಟಿಗೆ ತೆಗೆಯತೊಡಗಿದರು.

ಮೊದಮೊದಲು ಪಕ್ಕದಲ್ಲೇ ನಿಂತು ಹೇಳಿಕೊಡುತ್ತಿದ್ದೆ. ಬರಬರುತ್ತಾ ಮಾತು ಬಿಟ್ಟು ಬೆರಳು ತೋರಿಸಿದೆ. ಆಮೇಲೆ ಬಾಗಿಲ ಹತ್ತಿರ ಸರಿದೆ. ಹೀಗೆ ಹಿಂದೆ ಸರಿಯದಿದ್ದರೆ ಒಂದು ತೊಂದರೆ ಇದೆ. ಕೋಚ್ ಅಂಟಿಕೊಂಡೇ ಇದ್ದರೆ ಜೊತೆಯವರು ಏನು ಕೇಳಬೇಕಾದರೂ ಕೋಚ್‌ನನ್ನೇ ಕೇಳುತ್ತಾರೆ, ಹುಡುಗ ಸುಮ್ನೆ ನಿಂತಿರುತ್ತಾನೆ. ಟೇಪ್ ಖಾಲಿಯಾದಾಗ ಅವನು ನನ್ನ ಕಡೆ ನೋಡದೆ ಸೀದಾ ಸ್ಟೋರಿನವರನ್ನು ಕೇಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆಡಿಕೊಳ್ಳುವವರು ಇರಬಹುದು, ಇಲ್ಲ ಅನ್ನುವುದಿಲ್ಲ. ಸೇರುವ ಮೊದಲೇ ಮೇಲಧಿಕಾರಿಯ ಹತ್ತಿರ ಮಾತಾಡಿ. ತೊಂದರೆಯಾದರೆ ಅವನು ಯಾರ ಬಳಿ ಹೋಗಬೇಕು ಅಂತ ಒಬ್ಬರನ್ನು ಗೊತ್ತುಮಾಡಿ, ಮುಖ ಪರಿಚಯ ಮಾಡಿಸಿ. ‘ಬೇಡ, ನಿಲ್ಲಿಸಿ’ ಅನ್ನಲು ಮನೆಯಲ್ಲೇ ಕಲಿಸಿ. ಇನ್ನು, ಕೇಂದ್ರದೊಳಗೆ ಯಾರೂ ಆಡಿಕೊಳ್ಳುವುದಿಲ್ಲ ಅಂತಲೂ ಇಲ್ಲ ಅಲ್ವಾ?

ಶಾಲೆ ಮುಗಿಯಲಿ ಅಂತಲೂ ಕಾಯಬೇಕಿಲ್ಲ. ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ 1996ರಲ್ಲಿ ಶುರುವಾದ ‘ಪ್ರಾಜೆಕ್ಟ್ ಸರ್ಚ್’ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಶಾಲೆಯ ಕೊನೆಯ ವರ್ಷವನ್ನು ಕೆಲಸದ ಜಾಗದಲ್ಲೇ ಕಳೆಯುತ್ತಾರೆ. ಬೇರೆ ಬೇರೆ ವಿಭಾಗಗಳಲ್ಲಿ ಕೆಲಸ ಮಾಡಿ ನೋಡುತ್ತಾರೆ. ವಾರಕ್ಕೆ ಕೆಲವು ಗಂಟೆಯಾದರೂ ಹೀಗೆ ಕಳಿಸಿ ಅಂತ ಶಾಲೆಯವರನ್ನು ಕೇಳಿ. ವಸ್ತುಗಳನ್ನು ಜಾಗದಲ್ಲಿಡುವ ಅವನ ಗುಣ ಬರೆದಿದ್ದೀರಲ್ಲ, ಗ್ರಂಥಾಲಯ, ಸ್ಟೋರು, ಕಡತಗಳ ಕೋಣೆ, ಇಂಥ ಕಡೆಯಿಂದ ಹುಡುಕಾಟ ಶುರುಮಾಡಿ. ಸಂಬಳದ ವಿಷಯದಲ್ಲಿ ಸಂಕೋಚ ಬೇಡ. ಅದೇ ಕೆಲಸಕ್ಕೆ ಬೇರೆಯವರಿಗೆ ಎಷ್ಟೋ ಅವನಿಗೂ ಅಷ್ಟೇ ಕೇಳಿ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಡಂಬಡಿಕೆಯ 27ನೇ ವಿಧಿ ಹೇಳುವುದೂ ಇದನ್ನೇ. ಎಲ್ಲರಿಗೂ ತೆರೆದಿರುವ ಜಾಗದಲ್ಲಿ ಕೆಲಸ, ಸಮಾನ ಕೆಲಸಕ್ಕೆ ಸಮಾನ ವೇತನ.

ಪ್ರಶ್ನೆ: ನಮ್ಮ ಕಚೇರಿಗೆ ಆಟಿಸಂ ಇರುವ ಯುವತಿ ಸೇರಿದ್ದಾರೆ. ದಾಖಲೆ ಸ್ಕ್ಯಾನ್ ಮಾಡುವುದರಲ್ಲಿ ಬಹಳ ಅಚ್ಚುಕಟ್ಟು. ನಡುವೆ ಬೇರೆ ಕೆಲಸ ಕೊಟ್ಟರೆ ಮಾತ್ರ ಗಲಿಬಿಲಿಯಾಗುತ್ತಾರೆ. ಕೊಡಲೇಬಾರದೇ?
– ಒಬ್ಬ ಮೇಲ್ವಿಚಾರಕ

ಉತ್ತರ: ಕೊಡಿ. ಆದರೆ ಓಡಾಡುತ್ತಾ ಬಾಯಲ್ಲಿ ಹೇಳಿ ಹೋಗಬೇಡಿ. ‘ಆಮೇಲೆ ಸ್ವಲ್ಪ ಇದನ್ನೂ ನೋಡಿಬಿಡಿ’ ಅಂದರೆ ಆಮೇಲೆ ಅಂದರೆ ಯಾವಾಗ, ಸ್ವಲ್ಪ ಅಂದರೆ ಎಷ್ಟು? ಬರೆದು ಕೊಡಿ: 3 ಗಂಟೆಗೆ ಈ ಕಡತ, ಮುಗಿದ ಮೇಲೆ ಮತ್ತೆ ಸ್ಕ್ಯಾನಿಂಗ್. ಆದಷ್ಟು ಬೆಳಿಗ್ಗೆಯೇ ತಿಳಿಸಿ. ಚೀಟಿ ಅನುಕೂಲವೋ, ಕಂಪ್ಯೂಟರಿಗೆ ಸಂದೇಶ ಕಳಿಸಿದರೆ ಅನುಕೂಲವೋ ಅಂತ ಅವರನ್ನೇ ಕೇಳಿ. ಮನೆಯವರಿಗೆ ಫೋನ್ ಮಾಡಿ ಕೇಳಬೇಡಿ.