ರಾಯಚೂರು ಗುಡ್ಡದಾಗ ಡೈನೋಸಾರ್ ಮೂಳೆ ಸಿಗ್ತಾವೇನು?

ಹೊಲದ ಪಕ್ಕದ ಗುಡ್ಡದಾಗ ಮೂಳೆ ಹಂಗ ಉದ್ದನೆ ಬಿಳಿ ಕಲ್ಲು ಸಿಕ್ಕದ, ಡೈನೋಸಾರ್‌ದಿರಬಹುದಾ ಅಂತ ಕೇಳೀರಿ. ನಾನೂ ರಾಯಚೂರಿನವನೇ, ಸಣ್ಣವನಿದ್ದಾಗ ನಂಗೂ ಇದೇ ಆಸೆ ಇತ್ತು. ಆದ್ರ ಇಲ್ಲ್ರಿ, ಸಿಗಂಗಿಲ್ಲ. ನಮ್ಮ ಕೋಟೆ ಗುಡ್ಡದ ಗ್ರಾನೈಟ್ ಭೂಮಿ ಒಳಗ ಕರಗಿದ್ದ ಕಲ್ಲು ಆರಿ ಗಟ್ಟಿ ಆಗಿದ್ದು, ಅದಕ್ಕ ಸುಮಾರು 250 ಕೋಟಿ ವರ್ಷ ಆಗ್ಯದ, ಡೈನೋಸಾರ್ ಬಂದಿದ್ದು ಬರೇ 23 ಕೋಟಿ ವರ್ಷದ ಹಿಂದ, ಅಂದ್ರ ಈ ಬಂಡೆ ಹುಟ್ಟಿದಾಗ ಮೂಳೆ ಅನ್ನೋ ವಸ್ತುನೇ ಜಗತ್ತಿನಾಗ ಇರಲಿಲ್ಲ. ಗ್ರಾನೈಟ್ ಸೀಳಿನಾಗ ಬಿಳಿ ಪಟ್ಟಿ ಹಂಗ ಬರೋದು ಹೆಚ್ಚಾಗಿ ಬೆಣಚುಕಲ್ಲು, ನಿಮ್ದೂ ಅದೇ ಇರಬೇಕು.

ಹಂಗಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಸೊಂಡೂರು ಕಡೆ ಹಳೇ ಸುಣ್ಣಕಲ್ಲಿನಾಗ ಸ್ಟ್ರೊಮ್ಯಾಟೊಲೈಟ್ ಅವ, ಕಣ್ಣಿಗೆ ಕಾಣದ ಜೀವಿಗಳು ನೀರಿನಾಗ ಪದರದ ಮ್ಯಾಲೆ ಪದರ ಕಟ್ಟಿದ ಗುರುತು, ಅವು ಡೈನೋಸಾರ್‌ಗಿಂತ ಹತ್ತು ಪಟ್ಟು ಹಳೇವು!

ಮೂಳೇನೇ ನೋಡಬೇಕಂದ್ರ ರೈಲು ಹತ್ತಿ ಹೈದರಾಬಾದಿಗೆ ಹೋಗ್ರಿ, ಬಿರ್ಲಾ ಸೈನ್ಸ್ ಮ್ಯೂಸಿಯಂನಾಗ ಕೋಟಾಸಾರಸ್ ಅನ್ನೋ ಡೈನೋಸಾರ್ ಅಸ್ಥಿಪಂಜರ ನಿಲ್ಲಿಸ್ಯಾರ. ಅದು ಸಿಕ್ಕಿದ್ದು ತೆಲಂಗಾಣದ ಯಾಮನಪಲ್ಲಿ ಹತ್ರ, ಕೋಟಾ ಶಿಲಾಸ್ತರದಾಗ. ಗೋದಾವರಿ-ಪ್ರಾಣಹಿತಾ ಕಣಿವೆ ಕಡೆ ನೆಲ ಬಿರುಕು ಬಿಟ್ಟು ಕುಸಿದು, ಹೊಳೆಗಳು ಕೋಟಿಗಟ್ಟಲೆ ವರ್ಷ ಮರಳು-ಮಣ್ಣು ತಂದು ತುಂಬಿದ್ವು, ಸತ್ತ ಪ್ರಾಣಿ ಮ್ಯಾಲೆ ಮಣ್ಣು ಮುಚ್ಚಿದ್ರ ತಾನೇ ಮೂಳೆ ಕಲ್ಲಾಗೋದು, ನಮ್ಮಲ್ಲಿ ಅಂಥಾ ತಗ್ಗೇ ಇರಲಿಲ್ಲ. ಅಲ್ಲಿದ್ದ ಕೆರೆ ಸುಣ್ಣಕಲ್ಲಿನಾಗ ಮೀನು ಸೈತ ಸಿಕ್ಕಾವ, ಮಿರಿಮಿರಿ ಮಿಂಚೋ ದಪ್ಪ ಹುರುಪೆ ಇರೋವು.

ಕೋಟಾಸಾರಸ್ ಸುಮಾರು 30 ಅಡಿ ಉದ್ದ, ಕತ್ತು ಉದ್ದ, ಸೊಪ್ಪು ತಿನ್ನೋ ಪ್ರಾಣಿ, ಆಗಿನ್ನೂ ಹುಲ್ಲೇ ಹುಟ್ಟಿರಲಿಲ್ಲ ನೋಡ್ರಿ. 1988ರಾಗ ಯಾದಗಿರಿ ಅನ್ನೋ ವಿಜ್ಞಾನಿ ಹೆಸರಿಟ್ರು, ಅವರ ಹೆಸರು ನೋಡಿ ನಮ್ಮ ಪಕ್ಕದ ಜಿಲ್ಲೆ ನೆನಪಾಗಿ ಖುಷಿ ಆಗಿತ್ತು ನಂಗ. ಇದ್ರ ಬಂಧು ಬಾರಾಪಾಸಾರಸ್ ಇನ್ನೂ ದೊಡ್ಡದು, ಅದೂ ಇದೇ ಕೋಟಾ ಶಿಲೆಯಾಗ ಸಿಕ್ಕಿದ್ದು, ಈಗ ಕೋಲ್ಕತ್ತಾದಾಗ ಅದ, ಬಂಗಾಳಿಯಾಗ ‘ಬಾರಾ ಪಾ’ ಅಂದ್ರ ದೊಡ್ಡ ಕಾಲು.

ನಾನು ಮಗಳನ್ನ ಕರ್ಕೊಂಡು ಹೋಗಿದ್ದೆ, ಆಕಿ ಪಂಜರದ ಕಾಲ ಹತ್ರ ನಿಂತು ಅರ್ಧ ತಾಸು ಕದಲಲಿಲ್ಲ. ನೀವೂ ಹೋದ್ರ ತಲೆ ಕಡೆ ಸರಿಯಾಗಿ ನೋಡ್ರಿ, ಕೋಟಾಸಾರಸ್‌ದು ಹಲ್ಲು ಸಿಕ್ಕಾವ, ತಲೆಬುರುಡೆ ಸಿಕ್ಕಿಲ್ಲ, ಹಂಗಾಗಿ ಆ ತಲೆ ಅಂದಾಜಿನ ಮ್ಯಾಲೆ ಮಾಡಿದ್ದು.